ಎಂಟು ಮಿಲಿಮೀಟರ್‌ಗಳ ಲೆಕ್ಕ: 50 ಮೀಟರ್ ರೈಫಲ್ ಹದಗೊಳಿಸುವ ಬಗೆ

2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ನಡೆಯುತ್ತಿದ್ದ ಶಾಟೊರೂ ಎಂಬ ಊರಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದರು. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಈ ರೈಲ್ವೆ ಉದ್ಯೋಗಿ ಗೆದ್ದದ್ದು 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ವಿಭಾಗದಲ್ಲಿ. ಅದುವರೆಗೆ ಆ ವಿಭಾಗದಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದಿರಲಿಲ್ಲ. ಅದರ ಹಿಂದಿನ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಿಫ್ಟ್ ಕೌರ್ ಸಮ್ರಾ ಇದೇ ಸ್ಪರ್ಧೆಯ ಮಹಿಳಾ ವಿಭಾಗದಲ್ಲಿ 469.6 ಅಂಕಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಿದ್ದರು.

ಈ ಸ್ಪರ್ಧೆಗಳನ್ನು ಮೊದಲ ಬಾರಿ ಟಿ.ವಿ.ಯಲ್ಲಿ ನೋಡಿದವರಿಗೆ ಆ ಬಂದೂಕಿನ ರೂಪವೇ ಅಚ್ಚರಿ ಹುಟ್ಟಿಸುತ್ತದೆ. ಮರದ ಹಿಡಿಯ ಬದಲು ಅಲ್ಯೂಮಿನಿಯಂ ಚೌಕಟ್ಟು, ಹೆಗಲಿನ ಕಡೆ ಬಾಗಿದ ಕೊಕ್ಕೆ, ಕೆನ್ನೆ ಊರಲು ಪುಟ್ಟ ಹಲಗೆ, ನಳಿಗೆಯ ತುದಿಗೆ ಉದ್ದನೆಯ ಕೊಳವೆ, ಮೈತುಂಬ ಸ್ಕ್ರೂಗಳು ಮತ್ತು ಅಳತೆಯ ಗೆರೆಗಳು. ದೂರದರ್ಶಕ ಮಾತ್ರ ಇಲ್ಲ. ಇಷ್ಟೆಲ್ಲ ಜೋಡಣೆ ಇದ್ದ ಮೇಲೆ ಗುರಿ ತಟ್ಟುವುದು ಬಂದೂಕೇ, ಮನುಷ್ಯನದೇನು ಹೆಚ್ಚುಗಾರಿಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಒಂದೊಂದು ಭಾಗ ಏನು ಮಾಡುತ್ತದೆ, ಅದನ್ನು ಏಕೆ ತಿರುಗಿಸಿ, ಸರಿಸಿ, ಬಿಗಿ ಮಾಡಿ ಹದಕ್ಕೆ ತರುತ್ತಾರೆ ಎಂಬುದನ್ನು ನೋಡಬೇಕು.

ಗುರಿ ಎಷ್ಟು ಚಿಕ್ಕದು?

50 ಮೀಟರ್ ರೈಫಲ್‌ನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಗುಂಡಿನ ವ್ಯಾಸ 5.6 ಮಿ.ಮೀ. ಗುಂಡಿನ ಅಂಚು ವೃತ್ತದ ಗೆರೆಯನ್ನು ಸೋಕಿದರೂ ಹತ್ತು ಅಂಕ ಸಿಗುತ್ತದೆ. ಹಾಗಾಗಿ ಗುಂಡಿನ ನಡುಬಿಂದು ಗುರಿಯ ನಡುಬಿಂದುವಿನಿಂದ ಯಾವ ದಿಕ್ಕಿಗಾದರೂ 8 ಮಿ.ಮೀ. ತನಕ ಸರಿಯಬಹುದು. ಅದಕ್ಕಿಂತ ಹೆಚ್ಚು ಸರಿದರೆ ಒಂಬತ್ತು. ಫೈನಲ್‌ನಲ್ಲಿ ಅಂಕವನ್ನು ದಶಾಂಶದಲ್ಲಿ, 10.9ರ ತನಕ ಎಣಿಸುತ್ತಾರೆ. ಅಲ್ಲಿ 0.8 ಮಿ.ಮೀ. ದೂರ ಸರಿದಾಗಲೆಲ್ಲ 0.1 ಅಂಕ ಕಡಿಮೆಯಾಗುತ್ತದೆ.

ಸ್ಪರ್ಧಿಗಳು ಮಂಡಿಯೂರಿ, ಬೋರಲು ಮಲಗಿ, ನಿಂತು, ಹೀಗೆ ಮೂರು ಭಂಗಿಗಳಲ್ಲಿ ತಲಾ 20 ಗುಂಡು ಹಾರಿಸಿ ಅರ್ಹತಾ ಸುತ್ತು ಮುಗಿಸುತ್ತಾರೆ. ಪ್ಯಾರಿಸ್‌ನಲ್ಲಿ ಕುಸಾಳೆ 600ಕ್ಕೆ 590 ಅಂಕ ಪಡೆದು ಏಳನೆಯವರಾಗಿ ಫೈನಲ್ ತಲುಪಿದರು. ಫೈನಲ್‌ಗೆ ಹೋಗುವವರು ಎಂಟೇ ಮಂದಿ. ಅರವತ್ತು ಗುಂಡುಗಳಲ್ಲಿ ಹತ್ತೇ ಅಂಕ ಕಳೆದುಕೊಂಡವರಿಗೂ ಏಳನೇ ಸ್ಥಾನ ಎಂದರೆ ಪೈಪೋಟಿ ಯಾವ ಮಟ್ಟದ್ದೆಂದು ಊಹಿಸಬಹುದು.

ಈ 8 ಮಿ.ಮೀ. ಎಂಬುದನ್ನು ನೆನಪಿನಲ್ಲಿಡಿ. ಗಾಳಿ, ಮದ್ದು, ಕಣ್ಣು, ಬೆರಳು, ಉಸಿರು ಎಲ್ಲವೂ ತಮ್ಮ ತಮ್ಮ ಪಾಲನ್ನು ಕಡಿದುಕೊಳ್ಳುವುದು ಇದರಲ್ಲೇ.

ಬೋಲ್ಟ್ ಆ್ಯಕ್ಷನ್ ಎಂದರೇನು?

ಈ ರೈಫಲ್‌ಗಳು ಬೋಲ್ಟ್ ಆ್ಯಕ್ಷನ್ ಬಗೆಯವು. ನಳಿಗೆಯ ಹಿಂಬದಿಯಲ್ಲಿರುವ ಉಕ್ಕಿನ ದಂಡವೇ ಬೋಲ್ಟ್. ಅದನ್ನು ಕೈಯಿಂದ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಹೊಸ ತೋಟಾ ಇಟ್ಟು ಮುಂದಕ್ಕೆ ತಳ್ಳಿ ಬಿಗಿದರೆ ಬಾಗಿಲು ಹಾಕಿದ ಹಾಗೆ. ಒಂದು ಸಲಕ್ಕೆ ಒಂದೇ ಗುಂಡು. ಸ್ವಯಂಚಾಲಿತ ಬಂದೂಕಿನಲ್ಲಿ ಗುಂಡು ಹಾರುವಾಗಲೇ ಒಳಗಿನ ಭಾಗಗಳು ಓಡಾಡತೊಡಗುತ್ತವೆ. ಇಲ್ಲಿ ಗುಂಡು ನಳಿಗೆ ದಾಟುವ ತನಕ ಹೊಡೆಯುವ ಸೂಜಿಯೊಂದನ್ನು ಬಿಟ್ಟು ಬೋಲ್ಟ್‌ನ ಬೇರಾವ ಭಾಗವೂ ಅಲುಗುವುದಿಲ್ಲ. ನಿಖರತೆಗೆ ಈ ಸ್ಥಿರತೆಯೇ ಬುನಾದಿ. ಜರ್ಮನಿಯಲ್ಲಿ 1856ರಲ್ಲಿ ಆರಂಭವಾಗಿ ಈಗ ಉಲ್ಮ್‌ನಲ್ಲಿರುವ ಆನ್ಶುಟ್ಸ್, ಅದೇ ಊರಿನ ವಾಲ್ಟರ್, ಸ್ವಿಟ್ಜರ್ಲೆಂಡಿನ ಬ್ಲೈಕರ್ ಈ ಬಗೆಯ ಸ್ಪರ್ಧಾ ರೈಫಲ್‌ಗಳಿಗೆ ಹೆಸರಾದ ಕಂಪನಿಗಳು.

ಮೊದಲ ಕೆಲಸ: ಮೈಗೆ ಹೊಂದಿಸುವುದು

ಹೊಸಬರು ನಳಿಗೆ, ತೋಟಾಗಳ ಬಗ್ಗೆ ವಿಚಾರಿಸುತ್ತಾರೆ. ಅನುಭವಿ ತರಬೇತುದಾರರು ಮೊದಲು ನೋಡುವುದು ಶೂಟರ್‌ನ ಮೈಕಟ್ಟನ್ನು. ಅದಕ್ಕೆ ಕಾರಣವಿದೆ.

ಸ್ನಾಯು ದಣಿಯುತ್ತದೆ, ನಡುಗುತ್ತದೆ. ಮೂಳೆ ದಣಿಯುವುದಿಲ್ಲ. ಆದ್ದರಿಂದ ಬಂದೂಕಿನ ಭಾರವನ್ನು ಸ್ನಾಯುವಿನಿಂದ ಮೂಳೆಗೆ ದಾಟಿಸುವುದೇ ಹೊಂದಾಣಿಕೆಯ ಉದ್ದೇಶ. ಪುರುಷರ ಸ್ಪರ್ಧೆಯಲ್ಲಿ ರೈಫಲ್ 8 ಕೆ.ಜಿ.ಯ ತನಕ ತೂಗಬಹುದು. ನಿಂತಿರುವ ಶೂಟರ್‌ನನ್ನು ಹತ್ತಿರದಿಂದ ನೋಡಿ: ಸೊಂಟ ಗುರಿಯ ಕಡೆ ಮುಂದಕ್ಕೆ ಬಂದಿರುತ್ತದೆ, ಬಲಗೈ ರೂಢಿಯವರಾದರೆ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಅಥವಾ ಪಕ್ಕೆಗೆ ಊರಿರುತ್ತದೆ, ಮುಂಗೈ ಕಂಬದಂತೆ ನೆಟ್ಟಗೆ ನಿಂತು ಬಂದೂಕನ್ನು ಹೊತ್ತಿರುತ್ತದೆ. ತೋಳು ಗಿಡ್ಡವಿದ್ದವರಿಗೆ ಆ ಕಂಬ ಗುರಿಯ ಎತ್ತರಕ್ಕೆ ಮುಟ್ಟುವುದಿಲ್ಲ. ಆಗ ಬಂದೂಕಿನ ಅಡಿಯಲ್ಲಿ ಅಂಗೈ ಆಸರೆಯೊಂದನ್ನು ಜೋಡಿಸಿ, ಕೊರತೆಯಿರುವಷ್ಟು ಎತ್ತರಿಸುತ್ತಾರೆ.

ಹೆಗಲಿಗೆ ತಾಗುವ ತಟ್ಟೆ ಮೇಲೆ ಕೆಳಗೆ, ಹಿಂದೆ ಮುಂದೆ, ಅಡ್ಡಡ್ಡ, ಓರೆಯಾಗಿಯೂ ಸರಿಯುತ್ತದೆ. ಅದರ ಕೆಳಗಿನ ಕೊಕ್ಕೆ ಕಂಕುಳಿನ ಕೆಳಗೆ ಸಿಕ್ಕಿಕೊಂಡು, ಮುಂಭಾರದ ಬಂದೂಕು ಮೂತಿ ಕೆಳಗೆ ಮಾಡದಂತೆ ತಡೆಯುತ್ತದೆ. ನಿಂತಾಗ ತಲೆ ನೆಟ್ಟಗಿರಬೇಕು. ಅದಕ್ಕಾಗಿ ಹೆಗಲ ತಟ್ಟೆಯನ್ನು ಕೆಳಗಿಳಿಸುತ್ತಾರೆ, ಬಂದೂಕು ತಾನಾಗಿ ಕಣ್ಣಿನ ಮಟ್ಟಕ್ಕೇರುತ್ತದೆ. ಬೋರಲು ಮಲಗಿದಾಗ ಅದೇ ತಟ್ಟೆಗೆ ಬೇರೆ ಎತ್ತರ, ಬೇರೆ ಉದ್ದ. ಮಂಡಿಯೂರಿದಾಗ ಇನ್ನೊಂದು. ಆ ಎರಡು ಭಂಗಿಗಳಲ್ಲಿ ತೋಳಿಗೆ ಬಿಗಿದ ಪಟ್ಟಿ, ಬಂದೂಕಿನ ಅಡಿಯಲ್ಲಿ ಕೈ ಜಾರದಂತೆ ಇರುವ ಮುಂಗೈ ತಡೆಗೆ ಸಿಕ್ಕಿಕೊಂಡು ಭಾರ ಹೊರುತ್ತದೆ. ನಿಂತಾಗ ಪಟ್ಟಿ ಬಳಸುವಂತಿಲ್ಲ.

ಫೈನಲ್‌ನಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಬದಲಾಗಲು ಸಿಗುವುದು ಕೆಲವೇ ನಿಮಿಷ. ಟಿ.ವಿ.ಯಲ್ಲಿ ನೀವು ನೋಡಿರಬಹುದು: ಶೂಟರ್ ಮೊಣಕಾಲಿಂದ ಎದ್ದವರೇ ಪುಟ್ಟ ಕೀಲಿ ಹಿಡಿದು ತಟ್ಟೆಯ ಸ್ಕ್ರೂ ಸಡಿಲಿಸುತ್ತಾರೆ, ಅಳತೆ ಗೆರೆಯ ಮೇಲೆ ಒಂದು ಅಂಕಿಗೆ ತಂದು ಬಿಗಿಯುತ್ತಾರೆ, ಕೆನ್ನೆ ಹಲಗೆಯನ್ನು ಇನ್ನೊಂದು ಅಂಕಿಗೆ ಒಯ್ಯುತ್ತಾರೆ. ಆ ಅಂಕಿಗಳು ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಕಂಡುಕೊಂಡು ಪುಸ್ತಕದಲ್ಲಿ ಬರೆದಿಟ್ಟವು. ಅಲ್ಲಿ ಅಂದಾಜಿಗೆ ಜಾಗವಿಲ್ಲ.

ಹೊಂದಾಣಿಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಗುರಿಯತ್ತ ಬಂದೂಕು ಹಿಡಿದು ಕಣ್ಣು ಮುಚ್ಚಿ, ಮೈ ಸಡಿಲಿಸಿ, ಎರಡು ಮೂರು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಬಂದೂಕು ಈಗ ಎಲ್ಲಿಗೆ ಮುಖ ಮಾಡಿದೆಯೋ ಅದೇ ಆ ಭಂಗಿಯ ಸಹಜ ಗುರಿ. ಅದು ಹತ್ತರ ವೃತ್ತದಿಂದ ಎಡಕ್ಕಿದ್ದರೆ ಕೈಯಿಂದ ಬಲಕ್ಕೆ ಎಳೆಯಬಾರದು. ಪಾದವನ್ನೋ ಇಡೀ ಮೈಯನ್ನೋ ಕೊಂಚ ತಿರುಗಿಸಬೇಕು. ಕೈಯಿಂದ ಎಳೆದರೆ ಟ್ರಿಗರ್ ಒತ್ತುವ ಗಳಿಗೆಯಲ್ಲಿ ಸ್ನಾಯು ಸಡಿಲಾಗಿ ಬಂದೂಕು ತನ್ನ ಮೊದಲ ಜಾಗಕ್ಕೆ ಮರಳುತ್ತದೆ, ಗುಂಡೂ ಅಲ್ಲಿಗೇ ಹೋಗುತ್ತದೆ. ಇಡೀ ಹೊಂದಾಣಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಕಣ್ಣಿಗೆ ಕಾಣುವುದೇನು?

ಈ ರೈಫಲ್‌ಗೆ ದೂರದರ್ಶಕ ಜೋಡಿಸುವಂತಿಲ್ಲ. ಕಣ್ಣಿನ ಹತ್ತಿರ ಚಿಕ್ಕ ರಂಧ್ರವುಳ್ಳ ತಟ್ಟೆ ಇರುತ್ತದೆ, ಅದಕ್ಕೆ ಡಯಾಪ್ಟರ್ ಎನ್ನುತ್ತಾರೆ. ನಳಿಗೆಯ ತುದಿಯಲ್ಲಿ ಒಂದು ಉಂಗುರ. ರಂಧ್ರದೊಳಗಿಂದ ನೋಡಿದಾಗ ಉಂಗುರದ ನಡುವೆ ಗುರಿಹಲಗೆಯ ಕಪ್ಪು ಭಾಗ ಕಾಣುತ್ತದೆ. ರಂಧ್ರದೊಳಗೆ ಉಂಗುರ, ಉಂಗುರದೊಳಗೆ ಕಪ್ಪು ಚುಕ್ಕೆ. ಸುತ್ತುಗಳು ಒಂದರೊಳಗೊಂದು ಸರಿಯಾಗಿ ಕೂತಿವೆಯೇ ಎಂಬುದನ್ನು ಕಣ್ಣು ಬಹಳ ಸೂಕ್ಷ್ಮವಾಗಿ ಗುರುತಿಸಬಲ್ಲದು. ಚಿಕ್ಕ ರಂಧ್ರದಿಂದ ಇನ್ನೊಂದು ಅನುಕೂಲವಿದೆ: ಹತ್ತಿರದ ಉಂಗುರ, ದೂರದ ಗುರಿ ಎರಡೂ ಏಕಕಾಲಕ್ಕೆ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಹಿಂದಿನ ರಂಧ್ರಕ್ಕೂ ಮುಂದಿನ ಉಂಗುರಕ್ಕೂ 80 ಸೆಂ.ಮೀ. ಅಂತರವಿದೆ ಎಂದುಕೊಳ್ಳೋಣ. ಅವೆರಡರ ಜೋಡಣೆಯಲ್ಲಿ ಬರೀ 0.13 ಮಿ.ಮೀ. ತಪ್ಪಾದರೆ 50 ಮೀಟರ್ ದೂರದಲ್ಲಿ ಅದು 8 ಮಿ.ಮೀ. ಆಗುತ್ತದೆ. ನಮ್ಮ ಲೆಕ್ಕ ಅಲ್ಲಿಗೇ ಮುಗಿಯಿತು. ಈ ಅಂತರ ಹೆಚ್ಚಿದಷ್ಟೂ ಅಷ್ಟೇ ತಪ್ಪಿನ ಪರಿಣಾಮ ಕಡಿಮೆ. ನಳಿಗೆಯ ತುದಿಗೆ ಟೊಳ್ಳು ಕೊಳವೆ ಜೋಡಿಸಿ ಅದರ ಮೇಲೆ ಉಂಗುರ ಕೂರಿಸುವುದು ಈ ಕಾರಣಕ್ಕೆ. ಕೊಳವೆಯಿಂದ ಗುಂಡಿನ ವೇಗವೇನೂ ಹೆಚ್ಚುವುದಿಲ್ಲ.

ಉಂಗುರದ ಗಾತ್ರವನ್ನೂ ಬದಲಿಸಬಹುದು. ಚಿಕ್ಕದಿದ್ದಷ್ಟೂ ನಿಖರ ಎಂದು ಹೊಸಬರಿಗೆ ಅನಿಸುತ್ತದೆ. ಆದರೆ ಉಂಗುರ ಕಪ್ಪಿಗೆ ತೀರಾ ಅಂಟಿಕೊಂಡರೆ ನಡುವಿನ ಬಿಳಿ ಅಂಚು ಮಿನುಗುತ್ತ ಮಾಯವಾಗುತ್ತದೆ, ಕಣ್ಣು ಆಯಾಸಗೊಳ್ಳುತ್ತದೆ, ಬೆರಳು ಹಿಂಜರಿಯುತ್ತದೆ. ಸುತ್ತಲೂ ನೆಮ್ಮದಿಯಾಗಿ ಕಾಣುವಷ್ಟು ಬಿಳಿ ಅಂಚು ಉಳಿಯುವ ಗಾತ್ರವೇ ಒಳ್ಳೆಯದು. ಕೆನ್ನೆ ಹಲಗೆಯ ಪಾತ್ರ ಬರುವುದೂ ಇಲ್ಲೇ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಒತ್ತಡದಲ್ಲಿ ಊರಿದರೆ ಕಣ್ಣು ರಂಧ್ರದ ನಡುವಿಗೆ ತಾನಾಗಿ ಬರುತ್ತದೆ. ಕತ್ತು ಚಾಚಿ ಹುಡುಕಬೇಕಾಗಿ ಬಂದರೆ ಹಲಗೆಯ ಎತ್ತರ ತಪ್ಪಿದೆ ಎಂದೇ ಅರ್ಥ.

ಟ್ರಿಗರ್

50 ಮೀಟರ್ ರೈಫಲ್‌ನ ಟ್ರಿಗರ್‌ಗೆ ಕನಿಷ್ಠ ಭಾರದ ಮಿತಿ ಇಲ್ಲ. ಸಾಮಾನ್ಯವಾಗಿ 100 ಗ್ರಾಂ ಆಸುಪಾಸಿನ ಒತ್ತಡಕ್ಕೇ ಅದು ಬಿಡುಗಡೆಯಾಗುತ್ತದೆ. ಹೆಚ್ಚಿನವು ಎರಡು ಹಂತದವು: ಮೊದಲು ಬೆರಳು ಸ್ವಲ್ಪ ದೂರ ಹಗುರಾಗಿ ಚಲಿಸಿ ಒಂದು ತಡೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಎಳ್ಳಷ್ಟು ಹೆಚ್ಚು ಒತ್ತಿದರೆ ಗುಂಡು. ಎರಡೂ ಹಂತದ ಭಾರ, ಬೆರಳಿಗೆ ಎಟಕುವ ದೂರ, ಬಿಡುಗಡೆಯಾದ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕು ಎಂಬುದು, ಎಲ್ಲಕ್ಕೂ ಬೇರೆ ಬೇರೆ ಸ್ಕ್ರೂ ಇದೆ.

ಇಷ್ಟು ಹಗುರ ಟ್ರಿಗರ್ ವರವೂ ಹೌದು, ಅಪಾಯವೂ ಹೌದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯ ಫೈನಲ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಗುಂಡಿನ ತನಕ ಮುಂದಿದ್ದರು. ಬಂದೂಕನ್ನು ಗುರಿಯ ಮೇಲೆ ಇಳಿಸುತ್ತಿರುವಾಗಲೇ ಬೆರಳು ಟ್ರಿಗರ್‌ಗೆ ತಗುಲಿ ಗುಂಡು ಹಾರಿತು. ಬಂದದ್ದು 4.4 ಅಂಕ. ಚಿನ್ನ ಕೈತಪ್ಪಿ ಅವರು ನಾಲ್ಕನೇ ಸ್ಥಾನಕ್ಕೆ ಇಳಿದರು. ನಾಲ್ಕು ವರ್ಷ ಮೊದಲು ಅಥೆನ್ಸ್‌ನಲ್ಲಿ ಬೋರಲು ಮಲಗುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ಅವರ ಕೈಯಲ್ಲಿದ್ದದ್ದು ಎರವಲು ಬಂದೂಕು. ಅವರ ಸ್ವಂತ ರೈಫಲ್ ಅನ್ನು ಆ ವರ್ಷದ ಆಯ್ಕೆ ಸ್ಪರ್ಧೆಗೆ ಮುನ್ನ ಯಾರೋ ಕೆಡಿಸಿದ್ದರು. ಬಂದೂಕೇ ಎಲ್ಲ ಮಾಡುತ್ತದೆ ಎನ್ನುವವರು ಈ ಎರಡೂ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ನಳಿಗೆಗೆ ಒಪ್ಪುವ ತೋಟಾ ಹುಡುಕುವುದು

ಇಲ್ಲಿ ಬಳಸುವುದು .22 ಲಾಂಗ್ ರೈಫಲ್ ತೋಟಾ. ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಹೊತ್ತಿಕೊಳ್ಳುವ ಮದ್ದು ತೋಟಾದ ತಳದ ಅಂಚಿನ ಸುತ್ತ ತುಂಬಿರುತ್ತದೆ. ದೊಡ್ಡ ರೈಫಲ್‌ಗಳ ತೋಟಾವನ್ನು ಮದ್ದು ತೂಗಿ ತಾವೇ ತುಂಬಿಕೊಳ್ಳುವ ಪದ್ಧತಿ ಹಲವು ದೇಶಗಳ ಸ್ಪರ್ಧಿಗಳಲ್ಲಿದೆ. ಈ ತೋಟಾದಲ್ಲಿ ಅದು ಆಗುವ ಮಾತಲ್ಲ. ಕಾರ್ಖಾನೆ ಕೊಟ್ಟದ್ದನ್ನೇ ಬಳಸಬೇಕು.

ಗುಂಡು ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 325 ಮೀಟರ್. ಬೇಕೆಂದೇ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟಿದ್ದಾರೆ. ಶಬ್ದದ ವೇಗ ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನಗೊಂಡು ಆ ಗಡಿಯನ್ನು ದಾಟುವಾಗ ತೂಗಾಡುತ್ತದೆ. 50 ಮೀಟರ್ ಕ್ರಮಿಸಲು ಗುಂಡಿಗೆ ಸುಮಾರು 0.16 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಸುಮಾರು 12 ಸೆಂ.ಮೀ. ಕೆಳಗೆಳೆಯುತ್ತದೆ. ಪ್ರತಿ ಗುಂಡೂ ಅಷ್ಟೇ ಕೆಳಗಿಳಿದರೆ ತೊಂದರೆಯಿಲ್ಲ, ಡಯಾಪ್ಟರ್ ತಿರುಗಿಸಿ ಸರಿಪಡಿಸಬಹುದು. ಆದರೆ ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನವಾದರೆ ಅದು 7ರಿಂದ 8 ಮಿ.ಮೀ. ಹೆಚ್ಚು ಇಳಿಯುತ್ತದೆ. ಶೂಟರ್ ಎಳ್ಳಷ್ಟೂ ತಪ್ಪು ಮಾಡದಿದ್ದರೂ ಹತ್ತು ಒಂಬತ್ತಾಗುವ ಅಂಚಿಗೆ ಬಂತು.

ಆದ್ದರಿಂದ ತೋಟಾಗಳ ನಡುವಿನ ಸಮಾನತೆಗೆ ಇಷ್ಟೊಂದು ಬೆಲೆ. ಒಂದೇ ಕಂಪನಿಯ ಒಂದೇ ಹೆಸರಿನ ತೋಟಾಗಳೂ ತಯಾರಾದ ಕಂತಿನಿಂದ ಕಂತಿಗೆ (ಒಂದೇ ಸಲಕ್ಕೆ ತಯಾರಾದ ತೋಟಾಗಳೆಲ್ಲ ಒಂದು ಕಂತು) ಕೊಂಚ ಬೇರೆಯಾಗಿರುತ್ತವೆ. ಹಾಗೆಯೇ ಒಂದೇ ಯಂತ್ರದಲ್ಲಿ ಕೊರೆದ ಎರಡು ನಳಿಗೆಗಳೂ ಒಂದೇ ಅಲ್ಲ. ಒಬ್ಬರ ರೈಫಲ್‌ನಲ್ಲಿ ಅದ್ಭುತವಾಗಿ ಕೂಡಿಬರುವ ಕಂತು ಪಕ್ಕದವರ ಅದೇ ಮಾದರಿಯ ರೈಫಲ್‌ನಲ್ಲಿ ಚದುರಿಹೋಗಬಹುದು. ಕಾಗದದ ಮೇಲಿನ ಯಾವ ವಿವರವೂ ಇದನ್ನು ಮೊದಲೇ ಹೇಳಲಾರದು. ಹೊಡೆದೇ ನೋಡಬೇಕು.

ಅದಕ್ಕೆಂದೇ ಪರೀಕ್ಷಾ ಕೇಂದ್ರಗಳಿವೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಈಲಿ, ಜರ್ಮನಿಯ ಶೋನೆಬೆಕ್‌ನಲ್ಲಿ ಲಪುವಾ, ಫ್ಯೂರ್ತ್‌ನಲ್ಲಿ ಆರ್‌ಡಬ್ಲ್ಯುಎಸ್ ಕಂಪನಿಗಳು ಈ ಸೌಲಭ್ಯ ಕೊಡುತ್ತವೆ. ಶೂಟರ್ ತನ್ನ ರೈಫಲ್ ಒಯ್ಯುತ್ತಾರೆ. ನಳಿಗೆ ಮತ್ತು ಬೋಲ್ಟ್ ಇರುವ ಭಾಗವನ್ನು ಭಾರಿ ಹಿಡಿಕೆಯಲ್ಲಿ ಅಲುಗದಂತೆ ಬಿಗಿಯುತ್ತಾರೆ. ಮನುಷ್ಯನ ಉಸಿರು, ನಡುಕ, ಕಣ್ಣು ಯಾವುದೂ ಈಗ ಲೆಕ್ಕದಲ್ಲಿಲ್ಲ. ಒಂದೊಂದು ಕಂತಿನಿಂದ ಹತ್ತು ಹತ್ತು ಗುಂಡು ಹಾರಿಸುತ್ತ ಹೋದಂತೆ ಪರದೆಯ ಮೇಲೆ ರಂಧ್ರಗಳ ಗುಂಪು ಮೂಡುತ್ತದೆ. ಕೆಲವು ಕಂತುಗಳ ಗುಂಪು ಅಗಲವಾಗಿ ಹರಡುತ್ತದೆ, ಕೆಲವದರಲ್ಲಿ ಒಂಬತ್ತು ಗುಂಡು ಒಟ್ಟಿಗಿದ್ದು ಹತ್ತನೆಯದು ದೂರ ಬೀಳುತ್ತದೆ. ಯಾವುದೋ ಒಂದು ಕಂತಿನಲ್ಲಿ ಹತ್ತೂ ಗುಂಡುಗಳು ಒಂದೇ ರಂಧ್ರದಂತೆ ಕೂಡಿಕೊಳ್ಳುತ್ತವೆ. ಅದನ್ನು ಮತ್ತೆ ಮತ್ತೆ ಹಾರಿಸಿ ಖಚಿತಪಡಿಸಿಕೊಂಡು, ಆ ಕಂತಿನ ಸಾವಿರಾರು ತೋಟಾಗಳನ್ನು ಒಟ್ಟಿಗೆ ಖರೀದಿಸುತ್ತಾರೆ.

ಮತ್ತೆ ಮತ್ತೆ ಎಂಬುದು ಮುಖ್ಯ. ಐದೇ ಗುಂಡುಗಳ ಒಂದು ಚೊಕ್ಕ ಗುಂಪು ಆಕಸ್ಮಿಕವಾಗಿಯೂ ಬೀಳಬಹುದು. ಅದನ್ನು ನಂಬಿ ವರ್ಷದ ತೋಟಾ ಕೊಂಡವರು ಸ್ಪರ್ಧೆಯ ದಿನ ಪರಿತಪಿಸುತ್ತಾರೆ. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಅಗಲವಾಗುತ್ತದೆ, ನಿಜವೂ ಹೊರಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಾಳಿ ಇದ್ದೇ ಇದೆ. ಅಡ್ಡಲಾಗಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸುವ ಗಾಳಿ ಗುಂಡನ್ನು ಸುಮಾರು 1 ಸೆಂ.ಮೀ. ಪಕ್ಕಕ್ಕೆ ತಳ್ಳಬಲ್ಲದು. ಬಯಲು ರೇಂಜ್‌ಗಳಲ್ಲಿ ಗುರಿಯ ದಾರಿಯುದ್ದಕ್ಕೂ ಪುಟ್ಟ ಬಾವುಟಗಳನ್ನು ನೆಟ್ಟಿರುವುದು ಅದಕ್ಕಾಗಿ. ಆ ಬಾವುಟ ಓದುವ ಕೆಲಸ ಯಾವ ಸ್ಕ್ರೂ ತಿರುಗಿಸಿದರೂ ಆಗುವುದಿಲ್ಲ.

ನಳಿಗೆ ಕಂಪಿಸುತ್ತದೆ

ಮೇಜಿನ ಅಂಚಿನಲ್ಲಿ ಒಂದು ಸ್ಕೇಲನ್ನು ಅರ್ಧ ಹೊರಚಾಚಿ ಒತ್ತಿ ಹಿಡಿದು ತುದಿಯನ್ನು ಮಿಡಿಯಿರಿ. ಅದು ಮೇಲೆ ಕೆಳಗೆ ಬಡಿದುಕೊಳ್ಳುತ್ತದೆ. ತುದಿಗೆ ಒಂದು ರಬ್ಬರ್ ಕಟ್ಟಿ ಮತ್ತೆ ಮಿಡಿದರೆ ಬಡಿತ ನಿಧಾನವಾಗುತ್ತದೆ. ರಬ್ಬರನ್ನು ಹಿಂದೆ ಮುಂದೆ ಸರಿಸಿದರೆ ಬಡಿತದ ಲಯ ಬದಲಾಗುತ್ತದೆ. ದಪ್ಪ ಉಕ್ಕಿನ ನಳಿಗೆಯೂ ಗುಂಡು ಹಾರುವಾಗ ಹೀಗೆಯೇ ಕಂಪಿಸುತ್ತದೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ.

ಗುಂಡು ನಳಿಗೆಯೊಳಗೆ ಇರುವುದು ಸುಮಾರು 3 ಮಿಲಿಸೆಕೆಂಡ್. ನಿಧಾನದ ಗುಂಡು ವೇಗದ ಗುಂಡಿಗಿಂತ ಅತಿ ಸ್ವಲ್ಪ ತಡವಾಗಿ ಹೊರಬೀಳುತ್ತದೆ. ಆ ಹೊತ್ತಿಗೆ ನಳಿಗೆಯ ತುದಿ ಮೇಲಕ್ಕೇಳುತ್ತಿದ್ದರೆ, ತಡವಾಗಿ ಬಂದ ಗುಂಡು ಕೊಂಚ ಮೇಲ್ಮುಖವಾಗಿ ಹೊರಡುತ್ತದೆ. ನಿಧಾನವಾದ್ದರಿಂದ ಹೆಚ್ಚು ಇಳಿಯಬೇಕಿದ್ದ ಗುಂಡು, ಮೇಲ್ಮುಖವಾಗಿ ಹೊರಟದ್ದರಿಂದ ಆ ಇಳಿತವನ್ನು ತುಂಬಿಕೊಂಡು ವೇಗದ ಗುಂಡಿನ ಹತ್ತಿರವೇ ಬಡಿಯುತ್ತದೆ. ನಳಿಗೆಯ ತುದಿಗೆ ಟ್ಯೂನರ್ ಎಂಬ ಚಿಕ್ಕ ಭಾರ ಜೋಡಿಸಿ, ಅದನ್ನು ಗೆರೆ ಗೆರೆಯಾಗಿ ತಿರುಗಿಸಿ ಹುಡುಕುವುದು ಈ ಹೊಂದಿಕೆಯನ್ನೇ. ಎಲ್ಲ ಶೂಟರ್‌ಗಳೂ ಟ್ಯೂನರ್ ಬಳಸುವುದಿಲ್ಲ. ಬಳಸುವವರು ತೋಟಾದ ಕಂತು ಬದಲಾದಾಗ ಮತ್ತೆ ಪರೀಕ್ಷಿಸಬೇಕು.

ಬಿಗಿತ ಮತ್ತು ಶುಚಿ

ನಳಿಗೆಯ ಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ಎರಡು ಸ್ಕ್ರೂಗಳ ಬಿಗಿತ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ಅದಕ್ಕಾಗಿ ಕೈ ಅಂದಾಜಿನಲ್ಲಿ ಬಿಗಿಯದೆ, ಬಿಗಿತವನ್ನು ಅಳೆದು ತೋರಿಸುವ ಕೀಲಿ ಬಳಸಿ ಪ್ರತಿ ಸಲವೂ ತಯಾರಕರು ಹೇಳಿದ ಅಳತೆಗೇ ತರುತ್ತಾರೆ. ನಳಿಗೆ ಶುಚಿಗೊಳಿಸಿದ ಮೇಲೆ ಮೊದಲ ಕೆಲವು ಗುಂಡುಗಳು ಬೇರೆಡೆ ಬೀಳುವುದು ಸಾಮಾನ್ಯ. ಗುಂಡಿನ ಮೇಲಿನ ಮೇಣದ ಪದರ ನಳಿಗೆಯೊಳಗೆ ಮತ್ತೆ ಹರಡಿಕೊಳ್ಳಬೇಕು. ಹಾಗಾಗಿ ಸ್ಪರ್ಧೆಯ ಬೆಳಿಗ್ಗೆ ಯಾರೂ ನಳಿಗೆ ತೊಳೆದು ನೇರ ಅಂಕದ ಗುಂಡು ಹಾರಿಸುವುದಿಲ್ಲ.

ಅಭಿನವ್ ಬಿಂದ್ರಾ 2016ರ ರಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಸಿದ್ಧರಾಗುತ್ತಿದ್ದಾಗ ಅವರ ರೈಫಲ್‌ನ ಗುರಿ ನೋಡುವ ಭಾಗ ಮುರಿಯಿತು. ಬದಲಿ ಭಾಗ ಜೋಡಿಸಿಕೊಂಡು ಆಡಿದ ಅವರು ನಾಲ್ಕನೆಯವರಾದರು. ಬದಲಿ ಭಾಗಗಳನ್ನೂ ಮೊದಲೇ ಹೊಂದಿಸಿ, ಅಳತೆ ಬರೆದಿಡುವುದು ಹದಗೊಳಿಸುವ ಕೆಲಸದ ಭಾಗವೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಪಾಲಿಸುವ ನಿಯಮ. ಕೆನ್ನೆ ಹಲಗೆ, ಟ್ರಿಗರ್, ತೋಟಾ ಮೂರನ್ನೂ ಒಂದೇ ದಿನ ಬದಲಿಸಿದರೆ ಅಂಕ ಏರಿದ್ದು ಯಾವುದರಿಂದ, ಇಳಿದದ್ದು ಯಾವುದರಿಂದ ಎಂದು ಹೇಳಲು ಬರುವುದಿಲ್ಲ.

ನಮ್ಮಲ್ಲಿ ಏನು ಮಾಡಬಹುದು, ಏನು ಮಾಡುವಂತಿಲ್ಲ?

ಮೇಲೆ ಹೇಳಿದ್ದೆಲ್ಲ ತಯಾರಕರೇ ಕೊಟ್ಟಿರುವ ಸ್ಕ್ರೂ, ತಟ್ಟೆ, ಭಾರಗಳ ಹೊಂದಾಣಿಕೆ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು, ಒಂದು ಬಗೆಯ ಬಂದೂಕನ್ನು ಇನ್ನೊಂದು ಬಗೆಗೆ ಮಾರ್ಪಡಿಸುವುದು ಬೇರೆಯೇ ಸಂಗತಿ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು, ಇಲ್ಲದಿದ್ದರೆ ಅಪರಾಧ. ಕೋವಿಯನ್ನು ಪೂಜಿಸುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಇಂದಿಗೂ ನಡೆಯುವ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಆ ವಿನಾಯಿತಿ ಕೋವಿಯನ್ನು ಹೊಂದಲು ಮತ್ತು ಒಯ್ಯಲು ಸಂಬಂಧಿಸಿದ್ದು. ನಳಿಗೆ ಮಾರ್ಪಡಿಸಲು ಅದು ಅನುಮತಿ ಕೊಡುವುದಿಲ್ಲ.

ಮಕ್ಕಳನ್ನು ಈ ಕ್ರೀಡೆಗೆ ಸೇರಿಸಬೇಕೆಂದಿರುವವರು .22 ರೈಫಲ್‌ನಿಂದ ಆರಂಭಿಸಬೇಕಾಗಿಲ್ಲ. ನಮ್ಮ ದೇಶದ ಬಹುತೇಕ ರೈಫಲ್ ಶೂಟರ್‌ಗಳು ಮೊದಲು ಹಿಡಿದದ್ದು 10 ಮೀಟರ್ ಏರ್ ರೈಫಲ್. 1951ರಲ್ಲಿ ಆರಂಭವಾದ ರಾಷ್ಟ್ರೀಯ ರೈಫಲ್ ಸಂಸ್ಥೆ ಮತ್ತು ಅದರಡಿಯ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದರ ಸ್ಪರ್ಧೆಗಳನ್ನು ನಡೆಸುತ್ತವೆ. ಹೆಗಲ ತಟ್ಟೆ, ಕೆನ್ನೆ ಹಲಗೆ, ಡಯಾಪ್ಟರ್, ಎರಡು ಹಂತದ ಟ್ರಿಗರ್ ಎಲ್ಲವೂ ಆ ರೈಫಲ್‌ನಲ್ಲೂ ಇವೆ. ಮಗುವಿನ ತೋಳು, ಕತ್ತು, ಹೆಗಲು ಬೆಳೆದಂತೆ ಕೆಲವು ತಿಂಗಳಿಗೊಮ್ಮೆ ಅವನ್ನೆಲ್ಲ ಮತ್ತೆ ಹೊಂದಿಸಿ, ಹೊಸ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ.